ಸೋಮವಾರ ಎಣಿಸಿದ ರಸ್ತೆ

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಅಂತ ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಸಣ್ಣಂದಿನಿಂದ ಬೈಯುತ್ತಲೇ ಬಂದಿದ್ದಾಳೆ. ಊಟಕ್ಕೆ ಕೂತರೂ ನಡುವೆ ಎರಡು ಸಲ ಎದ್ದು ಬಾಗಿಲ ತನಕ ಹೋಗಿ ಬರುವವಳು ನಾನು. ಅಂಥವಳ ಹಣೆಯಲ್ಲಿ ಬರೆದ ಕೆಲಸ ನೋಡಿ: ದಿನವಿಡೀ ಒಂದೇ ಕುರ್ಚಿಯಲ್ಲಿ ಕೂತು, ನಿಂತ ವಾಹನಗಳನ್ನು ನೋಡುವುದು. ಅವೂ ನಿಜವಾದ ವಾಹನಗಳಲ್ಲ, ಕಂಪ್ಯೂಟರಿನ ಪರದೆಯ ಮೇಲೆ ಜೋಳದ ಕಾಳಿನಷ್ಟಿರುವ ಬಣ್ಣದ ಚುಕ್ಕೆಗಳು.

ಆಫೀಸು ಹುಬ್ಬಳ್ಳಿಯಲ್ಲಿ. ರಸ್ತೆ ಅಗಲ ಮಾಡುವವರು, ಸಿಗ್ನಲ್ ಕೂರಿಸುವವರು ಕೆಲಸ ಹಿಡಿಯುವ ಮುಂಚೆ ನಮ್ಮ ಹತ್ತಿರ ಬರುತ್ತಾರೆ. ನಾವು ಆ ರಸ್ತೆಯನ್ನು ಅಳತೆಗೆ ಸರಿಯಾಗಿ ಕಂಪ್ಯೂಟರಿನೊಳಗೆ ಕಟ್ಟುತ್ತೇವೆ. ಆಮೇಲೆ ಅಲ್ಲಿ ಎಣಿಸಿ ತಂದಷ್ಟೇ ಬಸ್ಸು, ಲಾರಿ, ಬೈಕುಗಳನ್ನು ಅದರ ಮೇಲೆ ಓಡಿಸಿ, ಎಲ್ಲಿ ಗಂಟು ಬೀಳುತ್ತದೆ, ಯಾರು ಎಷ್ಟು ಹೊತ್ತು ಕಾಯುತ್ತಾರೆ ಅಂತ ನೋಡುತ್ತೇವೆ. ಸಿಮ್ಯುಲೇಶನ್ ಅನ್ನುತ್ತಾರೆ ಇದಕ್ಕೆ. ಒಂದು ಸಲ ಓಡಿಸಿ ನಂಬುವಂತಿಲ್ಲ. ಅದೃಷ್ಟದ ದಿನ, ದುರದೃಷ್ಟದ ದಿನ ಎರಡೂ ಬರಲಿ ಅಂತ ಹತ್ತು ಸಲ ಓಡಿಸಿ ಸರಾಸರಿ ತೆಗೆಯಬೇಕು. ಒಂದೇ ಮುಂಜಾನೆಯನ್ನು ಹತ್ತು ಸಲ ನೋಡುವುದೆಂದರೆ ನನ್ನಂಥವಳಿಗೆ ಅದೊಂದು ಶಿಕ್ಷೆ.

ನಾನು ಕೈ ಪಳಗಿಸಿಕೊಂಡದ್ದು ಹುಬ್ಬಳ್ಳಿಯ ಒಂದು ಸರ್ಕಲ್ ಮೇಲೆ. ಆ ಸಾಫ್ಟ್‌ವೇರಿನಲ್ಲಿ ಪ್ರತಿ ಚಾಲಕನಿಗೂ ಒಂದು ಅಸಹನೆಯ ಅಂಕಿ ಕೊಡಬೇಕು. ಸೊನ್ನೆ ಕೊಟ್ಟರೆ ಆತ ಸಂತನ ಹಾಗೆ ಕಾಯುತ್ತಾನೆ, ಒಂದು ಕೊಟ್ಟರೆ ಸಿಕ್ಕ ಸಂದಿಯಲ್ಲಿ ನುಗ್ಗುತ್ತಾನೆ. ನಾನು ಮೊದಲು ಪುಸ್ತಕದಲ್ಲಿದ್ದ ಹಾಗೆ ಕೊಟ್ಟೆ. ಪರದೆಯ ಮೇಲೆ ಹುಬ್ಬಳ್ಳಿಯ ಆಟೋಗಳು ಒಂದರ ಹಿಂದೊಂದು ಮರ್ಯಾದೆಯಿಂದ ನಿಂತವು. ನಮ್ಮ ಆಫೀಸಿನ ಹಿರಿಯ ಎಂಜಿನಿಯರನ್ನು ನಾವೆಲ್ಲ ಸರ್ ಅಂತಲೇ ಕರೆಯುವುದು. ಅವರು ಹಿಂದೆ ನಿಂತು ನೋಡಿ, ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಇದು ಯಾ ದೇಶದ ಹುಬ್ಬಳ್ಳಿರಿ?” ಅಂದರು. “ಆಟೋದವ್ರಿಗೆ ನಿಮ್ಮ ಅಸಹನೆ ಸ್ವಲ್ಪ ದಾನಾ ಮಾಡ್ರಿ.”

ಮಾಡಿದೆ. ಸರ್ಕಲ್ ಕೂಡಲೇ ಅಗದಿ ಹುಬ್ಬಳ್ಳಿಯ ಹಾಗೆ ಕಾಣತೊಡಗಿತು. ಅವತ್ತಿನಿಂದ ನನಗೆ ಒಂದು ಜಂಬ ಹತ್ತಿತು. ಪುಸ್ತಕ ಬರೆದವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು, ಯಾಕೆಂದರೆ ನಾನು ಇಲ್ಲಿಯವಳು. ಆ ಜಂಬದ ಮುಖ ಒಡೆದ ಕತೆ ಇದು.

ನಮ್ಮೂರು ಅಣ್ಣಿಗೇರಿಗೂ ನವಲಗುಂದಕ್ಕೂ ನಡುವೆ, ಎರೆನೆಲದ ಬಯಲಲ್ಲಿ. ಅಪ್ಪನಿಗೆ ದೂರದ ಊರಲ್ಲಿ ನೌಕರಿ ಇತ್ತು, ನಾನು ಬೆಳೆದದ್ದು ಅಪ್ಪನ ತಮ್ಮ ಕಾಕಾ ಮತ್ತು ಕಾಕು ಹತ್ತಿರ. ಈಗಲೂ ಅದೇ ಮನೆಯಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮನೆಯಿರುವುದು ಊರ ಅಗಸಿಯ, ಅಂದರೆ ಹೆಬ್ಬಾಗಿಲಿನ ಒಳಗೆ, ಹೊಲ ಇರುವುದು ಹೆದ್ದಾರಿಯ ಆಚೆ. ನಮ್ಮದೊಂದೇ ಅಲ್ಲ, ಅರ್ಧ ಊರಿನ ಹೊಲ ಆಚೆಯೇ ಇದೆ. ಊರೊಳಗೆ ಹಾಯುವ ಆ ಹೆದ್ದಾರಿಯನ್ನು ನಗರದ ರಸ್ತೆಯ ಹಾಗೆ ಅಗಲ ಮಾಡಿ ನಡುವೆ ಡಿವೈಡರ್ ಕಟ್ಟಿದಾಗ, ಅಗಸಿಯ ಎದುರಿಗೆ ಒಂದು ಕಂಡಿ ಬಿಟ್ಟಿದ್ದರು. ಆ ಕಂಡಿಯಲ್ಲೇ ಗಾಡಿ, ಟ್ರ್ಯಾಕ್ಟರ್, ಎಮ್ಮೆ, ಬುತ್ತಿ ಹೊತ್ತ ಹೆಂಗಸರು ಎಲ್ಲ ದಾಟುವುದು. ಲಾರಿಯವರಿಗೆ ಅದು ಕಿರಿಕಿರಿ. ಕಂಡಿ ಮುಚ್ಚಬೇಕೋ ಬಿಡಬೇಕೋ ಅಂತ ಪ್ರಶ್ನೆ ಬಂತು. ಮುಚ್ಚಿದರೆ ಮುಂದಿನ ತಿರುವು ಪೆಟ್ರೋಲ್ ಪಂಪಿನ ಹತ್ತಿರ, ಒಂದೂವರೆ ಕಿಲೋಮೀಟರ್ ದೂರ.

ಆ ಕೆಲಸ ನಮ್ಮ ಆಫೀಸಿಗೇ ಬಂತು. “ನಿಮ್ಮೂರ ಅಲ್ರಿ, ನೀವ ಮಾಡ್ರಿ” ಅಂದರು ಸರ್.

ಎಣಿಸುವುದಕ್ಕೆ ವಾರದ ಯಾವ ದಿನ ಅಂತ ನಾನೇ ಗೊತ್ತು ಮಾಡಬೇಕಿತ್ತು. ಎಲ್ಲ ದಿನವೂ ಎಣಿಸುವಷ್ಟು ಪುರುಸೊತ್ತು ಇರಲಿಲ್ಲ. ಕಂಬಕ್ಕೆ ಕಟ್ಟುವ ಕ್ಯಾಮೆರಾ ಒಂದೇ ದಿನದ ಮಟ್ಟಿಗೆ ಸಿಕ್ಕಿತ್ತು, ಅದೂ ಬುಧವಾರದೊಳಗೆ. ಮಂಗಳವಾರ ಅಮಾವಾಸ್ಯೆ. ಅಮಾವಾಸ್ಯೆ ದಿನ ನಮ್ಮ ಕಡೆ ಮಂದಿ ಪ್ರಯಾಣ ಹೊರಡುವುದಿಲ್ಲ, ಹೊಸ ಕೆಲಸ ಹಿಡಿಯುವುದಿಲ್ಲ, ರಸ್ತೆ ಖಾಲಿ ಹೊಡೆಯುತ್ತದೆ. ಬುಧವಾರ ಸಂತಿ, ಅವತ್ತು ವಾಹನ ಹೆಚ್ಚು. ನಾನು ಬಹಳ ಜಾಣತನದಿಂದ ಇವೆರಡನ್ನೂ ಬಿಟ್ಟು ಸೋಮವಾರ ಅಂತ ಬರೆದೆ. ಪುಸ್ತಕದಲ್ಲಿ ಸೋಮವಾರ ಬೇಡ ಅಂತಿತ್ತು. ಅದು ಆಫೀಸು–ಕಚೇರಿಗಳ ನಗರಕ್ಕೆ ಬರೆದದ್ದು, ನಮ್ಮೂರಿಗೇನು ಅಂತ ನನ್ನ ಜಂಬ ಹೇಳಿತು.

ಬೆಳಕು ಹರಿಯುತ್ತಲೇ ಅಗಸಿಯ ಎದುರಿನ ಚಾದ ಅಂಗಡಿಯ ಕಟ್ಟೆಯ ಮೇಲೆ ಕಾಗದ ಹಿಡಿದು ಕೂತೆ. ನಾಲ್ಕು ಗೆರೆ, ಅವುಗಳ ಮೇಲೊಂದು ಅಡ್ಡ ಗೆರೆ, ಐದಾಯಿತು. ಬೈಕು, ಕಾರು, ಟಂಟಂ, ಬಸ್ಸು, ಲಾರಿ, ಟ್ರ್ಯಾಕ್ಟರ್, ಸೈಕಲ್ಲು, ಪಾದಚಾರಿ, ಕಟ್ಟಕಡೆಗೆ ಎತ್ತಿನ ಗಾಡಿ, ಹೀಗೆ ಸಾಲುಗಳು. ಶಲವಡಿ ಕಡೆಯಿಂದ ಟಂಟಂಗಳು ಕಳೆ ತೆಗೆಯುವ ಹೆಂಗಸರನ್ನು ತುಂಬಿಕೊಂಡು ಬಂದವು. ನಾನು ನಾಲ್ಕು ಸಲ ಎದ್ದು ಕೂತೆ, ಮೂರು ಸಲ ಚಾ ಕುಡಿದೆ, ಕ್ಯಾಮೆರಾ ಸರಿಯಾಗಿದೆಯೋ ಇಲ್ಲವೋ ಅಂತ ಕಂಬದ ಸುತ್ತ ತಿರುಗಿದೆ. ಸಂಜೆಗೆ ನೋಡಿದರೆ ಕೊನೆಯ ಸಾಲಿನಲ್ಲಿ ಒಂದೂ ಗೆರೆ ಇಲ್ಲ. ಸೊನ್ನೆ ಹಾಕಿದೆ. ಸೊನ್ನೆ ಹಾಕುವಾಗ ಕೈ ತಡೆಯಲಿಲ್ಲ. ಮುಂಜಾನೆ ಮನೆ ಬಿಡುವಾಗ ಮೇವು ಹಾಕುವ ಗ್ವಾದಲಿಯ ಮುಂದೆ ನಮ್ಮವೇ ಎರಡು ಎತ್ತು ಕಾಲು ಮಡಚಿ ಮೆಲುಕು ಹಾಕುತ್ತ ಮಲಗಿದ್ದವು. ಅವುಗಳನ್ನು ಸುತ್ತುಹಾಕಿಯೇ ಹೊರಗೆ ಬಂದಿದ್ದೆ. ವರದಿಯಲ್ಲಿ ಒಂದು ಸಾಲು ಬರೆದೆ: ‘ಈ ಸ್ಥಳದಲ್ಲಿ ಎತ್ತಿನ ಗಾಡಿಗಳ ಸಂಚಾರ ನಿಂತುಹೋಗಿದೆ ಎನ್ನಬಹುದು.’

ಕಂಡಿ ಮುಚ್ಚಿದಾಗ ಹೇಗೆ, ಮುಚ್ಚದಾಗ ಹೇಗೆ ಅಂತ ಹತ್ತು ಹತ್ತು ಸಲ ಓಡಿಸಿದೆ. ಮುಚ್ಚಿದರೆ ಲಾರಿ, ಬಸ್ಸು ನೀರು ಹರಿದಂತೆ ಹೋದವು. ಬೈಕು, ಟ್ರ್ಯಾಕ್ಟರುಗಳು ಪಂಪಿನ ತನಕ ಹೋಗಿ ತಿರುಗಿ ಬರುವುದು ಅಂಥ ದೊಡ್ಡ ಮಾತಾಗಿ ಕಾಣಲಿಲ್ಲ. ಕಂಡಿ ಮುಚ್ಚುವುದೇ ಒಳ್ಳೆಯದು ಅಂತ ವರದಿ ಹೋಯಿತು.

ಅದರ ಮುಂದಿನ ಭಾನುವಾರದ ಸಂಜೆ ಕಾಕಾ ಕಟ್ಟೆಯ ಮೇಲೆ ಕೂತು ಬಾರುಕೋಲಿಗೆ ಹೊಸ ಬಾರು ಹೆಣೆಯುತ್ತಿದ್ದ. ಎರಡು ದಿನ ಹದವಾದ ಮಳೆಯಾಗಿತ್ತು, ಆತ ಖುಷಿಯಲ್ಲಿದ್ದ. ಕೆಲಸದ ಜಂಬ ತೋರಿಸುವುದಕ್ಕೆ ಮನೆಯವರಿಗಿಂತ ಬೇರೆ ಯಾರು ಸಿಗುತ್ತಾರೆ? ಲ್ಯಾಪ್‌ಟಾಪ್ ತಂದು ಆತನ ಬಾಜು ಇಟ್ಟೆ.

“ಕಾಕಾ, ಇಲ್ಲೆ ನೋಡು. ನಿನಗ ನಮ್ಮೂರ ತೋರಸ್ತೀನಿ.”

ಆತ ಬಾರು ಕೈಯಲ್ಲಿ ಹಿಡಿದೇ ಬಗ್ಗಿದ. “ಇದು ಅಗಸಿ ಏನು? ಇದು ಚಾದ ಅಂಗಡಿ. ಅಗದಿ ಬರೋಬರಿ ಐತಿ.” ಚುಕ್ಕೆಗಳು ಓಡತೊಡಗಿದವು. ಸ್ವಲ್ಪ ಹೊತ್ತು ನೋಡಿ ಗದ್ದ ಕೆರೆದುಕೊಂಡ. “ಒಬ್ರೂ ಹಾರ್ನ್ ಹೊಡಿವಲ್ರು, ಒಬ್ರೂ ಬೈಯವಲ್ರು. ಇದು ನಮ್ಮೂರ ಅಲ್ಲಬೇ, ಕೈಲಾಸ.”

ನಾನೂ ನಕ್ಕೆ. ಆತ ಇನ್ನೂ ಹುಡುಕುತ್ತಿದ್ದ.

“ನನ್ನ ಗಾಡಿ ಎಲ್ಲೈತಿ?”

“ನಿನ್ನ ಗಾಡಿ ಎಲ್ಲಿಂದ ಬರಬೇಕು? ನಾ ಎಣಿಸಿದ ದಿನಾ ಒಂದೂ ಗಾಡಿ ದಾಟಲಿಲ್ಲ.”

“ಒಂದೂ?” ಆತ ಬಾರು ಕೆಳಗಿಟ್ಟ. “ಯಾ ವಾರ ಎಣಿಸಿದಿ?”

“ಸೋಮವಾರ.”

ಕಾಕಾ ನನ್ನ ಮುಖವನ್ನೇ ನೋಡಿದ. ಮೊದಲು ಹುಬ್ಬು ಏರಿತು, ಆಮೇಲೆ ಹೊಟ್ಟೆ ಅಲುಗಾಡಿತು, ಆಮೇಲೆ ಕೆಮ್ಮು ಬರುವ ತನಕ ನಕ್ಕ. ಕಾಕು ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು, “ಏನಾತು?” ಅಂದಳು.

“ಏನಾತು ಅಂತಿಯಲ್ಲ, ನಿನ್ನ ಎಂಜಿನಿಯರ್ ಮಗಳು ಸೋಮಾರ ದಿನಾ ಗಾಡಿ ಎಣಿಸ್ಯಾಳ! ಸೋಮಾರ ಬಸವಣ್ಣನ ಹೆಗಲಿಗೆ ಯಾವನಾರ ನೊಗಾ ಇಡ್ತಾನೇನ?”

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಸೋಮವಾರ ಎತ್ತು ಹೂಡುವುದಿಲ್ಲ. ನಮ್ಮೂರಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತು. ಅವತ್ತು ಅವುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಕಟ್ಟಿ ಹಾಕುತ್ತಾರೆ. ಎಷ್ಟೇ ಅವಸರವಿದ್ದರೂ, ಹೊಲದ ಹದ ತಪ್ಪಿದರೂ, ಸೋಮವಾರ ಎಂದರೆ ಸೋಮವಾರ. ಸಣ್ಣವಳಿದ್ದಾಗ ಎತ್ತಿನ ಮೈ ತಿಕ್ಕುವ ಸರದಿ ನನ್ನದೇ ಇತ್ತು. ಬೇರೆ ಊರಿನಿಂದ ಬಂದವನಾಗಿದ್ದರೆ, ‘ಇದೇನು ಇಷ್ಟು ಹೊಲಗಳಿದ್ದೂ ಒಂದು ಗಾಡಿಯೂ ಇಲ್ಲ’ ಅಂತ ಯಾರನ್ನಾದರೂ ಕೇಳುತ್ತಿದ್ದ. ನಾನು ಕೇಳಲಿಲ್ಲ, ಯಾಕೆಂದರೆ ಗಾಡಿಯಿಲ್ಲದ ಸೋಮವಾರವನ್ನು ನೋಡುತ್ತಲೇ ಬೆಳೆದವಳು ನಾನು. ಅಮಾವಾಸ್ಯೆ ನೆನಪಿಟ್ಟ ಜಾಣೆಗೆ ಸೋಮವಾರ ನೆನಪಾಗಲಿಲ್ಲ.

ಕಾಕಾನ ನಗು ನಿಂತಿತು. “ಕಂಡಿ ಮುಚ್ಚತಾರಂತ ಊರಾಗ ಮಾತಾಡಾಕ ಹತ್ಯಾರ. ಅದು ಇದನ್ನ ನೋಡಿ ಅಂತೇನು?” ಅಂತ ಪರದೆಯ ಕಡೆ ಬೆರಳು ತೋರಿಸಿದ.

ನಾನು ಹೌದು ಅಂದೆ.

ಆತ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಬಾರು ಮತ್ತೆ ಎತ್ತಿಕೊಂಡು ಹೆಣೆಯುತ್ತ, ತನಗೇ ಹೇಳಿಕೊಂಡಂತೆ ಹೇಳಿದ. “ಹಂಗಾರ ಪೆಟ್ರೋಲ್ ಪಂಪಿನ ತನಕ ಹೋಗಿ ಹೊಳ್ಳಬೇಕು. ಎಡಗಡಿ ಎತ್ತು ಲಾರಿ ಹಾರ್ನಿಗೆ ಬೆದರ್ತೈತಿ, ನಿನಗ ಗೊತ್ತೈತಿ. ಅಷ್ಟು ದೂರ ಹೆಂಗ ಹೊಡಕೊಂಡು ಹೋಗೂದು? ಮಾರೂದ ಬರ್ತೈತಿ.”

ಆ ಎಡಗಡೆಯ ಎತ್ತು ನಮ್ಮ ಮನೆಯಲ್ಲೇ ಹುಟ್ಟಿದ್ದು. ಅದರ ತಾಯಿ ಸತ್ತಾಗ ಕಾಕು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದಳು. ಕಾಕು ಒಳಗೆ ಹೋದಳು. ಅವತ್ತು ರೊಟ್ಟಿ ಬಡಿಯುವ ಸಪ್ಪಳ ಎಂದಿಗಿಂತ ಜೋರಾಗಿತ್ತು.

ಮರುದಿನದಿಂದ ನನಗೆ ಹಿಡಿದ ಚಡಪಡಿಕೆ ಅಷ್ಟಿಷ್ಟಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗದೆ ಬಾಗಿಲ ಹತ್ತಿರ ನಿಂತು ಹೋದೆ. ಕಂಡಕ್ಟರನ ಜೊತೆ ಜಗಳ ಆಡಿದೆ, ಯಾವುದಕ್ಕೆ ಅಂತ ಈಗ ನೆನಪಿಲ್ಲ, ತಪ್ಪು ಮಾತ್ರ ನನ್ನದೇ. ಆಫೀಸಿನಲ್ಲಿ ಸರ್ ಎದುರಿಗೆ ಮೂರು ಸಲ ಹೋಗಿ, ಮೂರು ಸಲವೂ ಬೇರೆ ಏನೋ ಕೇಳಿ ವಾಪಸು ಬಂದೆ. ಹೇಳಿದರೆ ಏನಾಗುತ್ತದೆ? ವರದಿ ಹೋಗಿದೆ, ಮುಂದಿನ ವಾರದ ಸಭೆಯಲ್ಲಿ ಅದಕ್ಕೆ ಒಪ್ಪಿಗೆ ಬೀಳುತ್ತದೆ. ಊರಿನವಳೇ ಊರಿನ ವಾರ ಮರೆತಳು ಅಂದರೆ ನಾಳೆ ಯಾರು ನನ್ನ ಎಣಿಕೆ ನಂಬುತ್ತಾರೆ? ಹೇಳದಿದ್ದರೆ ಏನಾಗುತ್ತದೆ ಅನ್ನುವುದೂ ಗೊತ್ತಿತ್ತು. ಅದು ನಮ್ಮ ಗ್ವಾದಲಿಯ ಮುಂದೆ ಕಾಲು ಮಡಚಿ ಮಲಗಿತ್ತು.

ಆಗ ಒಂದು ಕಳ್ಳದಾರಿ ಹೊಳೆಯಿತು. ಯಾರ ಮನೆಯಲ್ಲಿ ಎತ್ತುಗಳಿವೆ, ಯಾರು ಎಷ್ಟು ಹೊತ್ತಿಗೆ ಹೊಲಕ್ಕೆ ಹೋಗುತ್ತಾರೆ ಅಂತ ನನಗೆ ಬಾಯಿಪಾಠ. ಹೊಸದಾಗಿ ಎಣಿಸುವುದೇಕೆ? ನೆನಪಿನಿಂದಲೇ ಗಾಡಿಗಳನ್ನು ತುಂಬಿದರೆ ಆಯಿತು. ‘ಸಣ್ಣ ತಿದ್ದುಪಡಿ’ ಅಂತ ಹೊಸ ಪುಟ ಕಳಿಸಿದರೆ ಯಾರು ಕೇಳುತ್ತಾರೆ?

ಸಾಫ್ಟ್‌ವೇರಿನ ವಾಹನಗಳ ಪಟ್ಟಿಯಲ್ಲಿ ಎತ್ತಿನ ಗಾಡಿ ಇರಲಿಲ್ಲ. ಟ್ರಾಮ್ ಇತ್ತು, ಹಡಗು ಕೂಡ ಇತ್ತು. ಗಾಡಿಯನ್ನು ನಾನೇ ಹುಟ್ಟಿಸಬೇಕಾಯಿತು. ಸಂಜೆ ಮನೆಗೆ ಬಂದವಳೇ ಟೇಪು ಹಿಡಿದು ಗಾಡಿ ಅಳೆಯತೊಡಗಿದೆ. ಕಾಕಾ ನೊಗದ ತುದಿಯಲ್ಲಿ ಟೇಪು ಹಿಡಿದು ನಿಂತ.

“ಇದು ನಿಂತಲ್ಲಿಂದ ವೇಗ ಹಿಡಿಯಾಕ ಎಷ್ಟು ಹೊತ್ತು ಬೇಕು?”

“ಅದರ ಮನಸಿಗೆ ಬಂದಷ್ಟು.”

“ಬ್ರೇಕ್?”

“ಹೋ ಅಂದ್ರ ನಿಲ್ತಾವ.”

“ಹಿಂದಕ್ಕ ಬರ್ತೈತೇನು?”

“ನೀ ಬರ್ತಿಯೇನು, ಒಮ್ಮೆ ಹಟಾ ಹಿಡದ ಮ್ಯಾಲ?”

ಅಸಹನೆಯ ಅಂಕಿ ಮಾತ್ರ ನಾನೇ ಕೊಟ್ಟೆ: ಸೊನ್ನೆ. ಎತ್ತಿನಷ್ಟು ತಾಳ್ಮೆ ಇರುವ ಚಾಲಕನನ್ನು ನಾನು ಹುಬ್ಬಳ್ಳಿಯಲ್ಲಿ ಕಂಡಿಲ್ಲ. ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ನೆನಪಿನ ಗಾಡಿಗಳನ್ನೆಲ್ಲ ತುಂಬಿ ಓಡಿಸಿದೆ. ಅಗಸಿಯಿಂದ ಒಂದೊಂದೇ ಹೊರಬಂದು ಕಂಡಿಯಲ್ಲಿ ನಿಂತು, ದಾರಿ ಸಿಕ್ಕಾಗ ದಾಟಿದವು. ನೋಡಲಿಕ್ಕೆ ಚಂದ ಇತ್ತು. ಆದರೆ ಅದನ್ನು ಎರಡನೇ ಸಲ ಓಡಿಸಲಿಲ್ಲ. ಮೊದಲು ಬರೆದ ಸೊನ್ನೆಯನ್ನಾದರೂ ನಾನು ಕಣ್ಣಾರೆ ಕಂಡು ಬರೆದಿದ್ದೆ. ಇವು ಕಾಣದೆ ಬರೆದ ಗಾಡಿಗಳು. ಕಾಕಾನ ಗಾಡಿಗೆ ಮಾತ್ರ, ನನಗೆ ತಿಳಿಯದ ಹಾಗೆಯೇ, ಒಂದರ ಬದಲು ಎರಡು ಫೇರಿ ಕೊಟ್ಟುಬಿಟ್ಟಿದ್ದೆ! ನನ್ನ ಕೈ ಮೇಲೆ ನನಗೇ ನಂಬಿಕೆ ಹೋಯಿತು. ಎಲ್ಲವನ್ನೂ ಅಳಿಸಿ ಹಾಕಿ, ಸಿಕ್ಕ ಮೊದಲ ಬಸ್ಸು ಹತ್ತಿದೆ.

ಸರ್ ಚಾ ಕುಡಿಯುತ್ತಿದ್ದರು. ನಿಂತೇ ಎಲ್ಲ ಹೇಳಿದೆ. ಅವರು ಬಸಿ ಕೆಳಗಿಟ್ಟು, ವರದಿಯ ಪ್ರತಿ ಎಳೆದುಕೊಂಡು ತಿರುವಿ ಹಾಕಿದರು.

“ನನಗೂ ಹೊಳಿಬೇಕಿತ್ತಲ್ರಿ,” ಅಂದರು ಕೊನೆಗೆ. “ನಮ್ಮ ಅಜ್ಜಾರೂ ಕುಂದಗೋಳದ ಕಡೆ ಎತ್ತ ಕಟ್ಟಿದವ್ರ. ಸೋಮಾರ ಅಂತ ನೀವು ಬರದದ್ದನ್ನ ನಾ ಓದಿ ಸಹಿ ಹಾಕೀನಿ.”

ಅದನ್ನು ಕೇಳಿ ನನಗೆ ಅಳು ಬಂತು. ಅಳು ತಡೆಯಲು ಕಿಟಕಿಯ ಹತ್ತಿರ ಹೋಗಿ ನಿಂತೆ.

“ಬರೂ ಮಂಗಳವಾರ ಮತ್ತೊಮ್ಮೆ ಎಣಸ್ರಿ, ಕ್ಯಾಮೆರಾ ಮತ್ತ ಕೊಡಸ್ತೀನಿ. ಸಭೆ ಗುರುವಾರ ಐತಿ, ನಾ ಹೇಳ್ತೀನಿ ಅವ್ರಿಗೆ. ಆದ್ರ ಒಂದ ಮಾತು. ನಿಮ್ಮ ಮನಿ ಗಾಡಿನೂ ಅದ ಕಂಡ್ಯಾಗ ದಾಟ್ತೈತಿ ಅಂದ್ರಿ. ಸಭೆಯೊಳಗ ಯಾರಾರ ಕೇಳೇ ಕೇಳ್ತಾರ, ಈಕಿ ಮನಿ ಮಂದಿ ಸಲುವಾಗಿ ಲೆಕ್ಕಾ ತಿರುವಿದ್ಲೇನು ಅಂತ. ಉತ್ತರ ತಯಾರ ಇಟಗೋರಿ.”

ಮನೆಗೆ ಬಂದು ಇದನ್ನೆಲ್ಲ ಹೇಳಿದೆ. ಕಾಕಾನ ಮುಖ ಅರಳಿತು. “ಮಂಗಳಾರ ಏನು? ನಾ ಹತ್ತ ಸಲ ಅಡ್ಡಾಡ್ತೀನಿ ತಗೋ. ಓಣಿ ಮಂದಿಗೂ ಹೇಳ್ತೀನಿ.”

ಚೇಷ್ಟೆಗೆ ಅಂದದ್ದು. ಆದರೆ ನನಗೆ ಆ ಹೊತ್ತಿಗೆ ಚೇಷ್ಟೆ ಸಹಿಸುವ ಶಕ್ತಿ ಇರಲಿಲ್ಲ. ತಲೆಯಲ್ಲಿದ್ದ ಸಿಟ್ಟೆಲ್ಲ ಆತನ ಮೇಲೆ ಬಿತ್ತು. “ಹಂಗೇನರ ಮಾಡಿದ್ರ ನಾ ಈ ಮನ್ಯಾಗ ನೀರ ಸುದ್ದಾ ಕುಡಿಯೂದಿಲ್ಲ. ಮೊದಲ ಅಲ್ಲೆ ಕಾಕಾನ ಸಲುವಾಗಿ ಮಾಡ್ಲಿಕತ್ತಾಳ ಅಂತಾರಂತ. ನಿನ್ನ ಗಾಡಿ ಇಲ್ಲದಿದ್ರ ನನಗ ಇಷ್ಟ ತ್ರಾಸ ಇರ್ತಿರಲಿಲ್ಲ!”

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ತಿಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾಕಾ “ಆತು ಬಿಡಬೇ” ಅಂದು ಎತ್ತಿಗೆ ಮೇವು ಹಾಕಲು ಎದ್ದು ಹೋದ.

ಆ ಶನಿವಾರ, ಭಾನುವಾರ ಮತ್ತೆ ಮಳೆ ಬಂತು. ಸೋಮವಾರ ಬಿಸಿಲು. ಎರೆಹೊಲ ಹಾಗೆ: ಹಸಿ ಹೆಚ್ಚಿದ್ದರೆ ಕಾಲು ಹೂಳುತ್ತದೆ, ಆರಿದರೆ ಕಲ್ಲಾಗುತ್ತದೆ. ನಡುವಿನ ಒಂದೆರಡು ದಿನದ ಹದದಲ್ಲೇ ಎಡೆ ಹೊಡೆಯಬೇಕು, ಅಂದರೆ ಸಾಲಿನ ನಡುವೆ ಎತ್ತಿನ ಕುಂಟೆ ಹಾಯಿಸಿ ಕಳೆ ಕೀಳಬೇಕು. ನಮ್ಮ ಹತ್ತಿ ಹೊಲದಲ್ಲಿ ಕಳೆ ಮೊಣಕಾಲಿಗೆ ಬಂದಿತ್ತು. ಸೋಮವಾರ ಹೂಡುವಂತಿರಲಿಲ್ಲ. ಹಾಗಾಗಿ ಮಂಗಳವಾರ ಊರಿನ ಯಾವ ಎತ್ತೂ ಮನೆಯಲ್ಲಿ ಉಳಿಯುವುದಿಲ್ಲ ಅಂತ ನನಗೆ ಗೊತ್ತಿತ್ತು. ಕಾಕಾನಂತೂ ಎಲ್ಲರಿಗಿಂತ ಮುಂಚೆ ಹೋಗುವವನು.

ಮಂಗಳವಾರ ಬೆಳಕು ಹರಿಯುವ ಮುಂಚೆಯೇ ಕಾಗದ ಹಿಡಿದು ಕೂತೆ. ಈ ಸಲ ಕೊನೆಯ ಸಾಲಿನಿಂದಲೇ ಶುರುವಾಯಿತು. ಕುಂಟೆ ಹೇರಿಕೊಂಡ ಗಾಡಿಗಳು ಅಗಸಿಯಿಂದ ಹೊರಬಿದ್ದವು. ಕಂಡಿಯಲ್ಲಿ ಒಂದು ನಿಲ್ಲುವುದು, ಅದರ ಹಿಂದೆ ಇನ್ನೊಂದು, ಲಾರಿ ಹೋದ ಮೇಲೆ ಎರಡೂ ಒಟ್ಟಿಗೆ ದಾಟುವುದು. “ನಮ್ಮನ್ನೂ ಬರಕೋರಿ ಮೇಡಂ!” ಅಂತ ಒಬ್ಬ ಗಾಡಿಯ ಮೇಲಿಂದ ಕೂಗಿದ. ನಾಲ್ಕು ಗೆರೆ, ಒಂದು ಅಡ್ಡ ಗೆರೆ. ಕೈಗೆ ಪುರುಸೊತ್ತಿಲ್ಲ.

ಏಳಾಯಿತು, ಏಳೂವರೆ ಆಯಿತು. ಕಾಕಾನ ಗಾಡಿ ಬರಲಿಲ್ಲ. ಆರಂಭದಲ್ಲಿ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಎಂಟಾದಾಗ ಎದ್ದು ನಿಂತೆ. ಹೊರಡುವಾಗ ಎತ್ತುಗಳಿಗೆ ನೀರು ಕುಡಿಸುತ್ತಿದ್ದ ಸಪ್ಪಳ ಕೇಳಿದ್ದೆ. ಏನಾಯಿತು? ಎತ್ತಿಗೆ ಏನಾದರೂ ಆಯಿತೋ, ಈತನಿಗೆ ಎದೆನೋವೋ? ಕಾಕುಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಮತ್ತೆ ಹಚ್ಚಿದೆ. ನಡುವೆ ಎರಡು ಬೈಕು ತಪ್ಪಿದವೇನೋ ಅಂತ ನನ್ನನ್ನೇ ಬೈದುಕೊಂಡೆ. ಮನೆ ನಾಲ್ಕು ಹೆಜ್ಜೆಯ ದೂರ, ಆದರೆ ಎಣಿಕೆ ಬಿಟ್ಟು ಏಳುವಂತಿಲ್ಲ. ಹುಟ್ಟಿದಾಗಿನಿಂದ ಒಂದೆಡೆ ನಿಲ್ಲದ ಕಾಲನ್ನು ಆ ಕಟ್ಟೆಗೆ ಕಟ್ಟಿಹಾಕಿದಂತೆ ಆಗಿತ್ತು.

ಒಂಬತ್ತರ ಸುಮಾರಿಗೆ ಅಗಸಿಯಿಂದ ಕಾಕಾ ಬಂದ. ನಡೆದುಕೊಂಡು. ಹೆಗಲ ಮೇಲೆ ಟವೆಲು, ಒಂದು ಕೈಯಲ್ಲಿ ಬುತ್ತಿಯ ಗಂಟು, ಇನ್ನೊಂದರಲ್ಲಿ ಕೈಯಿಂದ ಕಳೆ ತೆಗೆಯುವ ಕುರ್ಪಿ.

ನಾನು ಕಟ್ಟೆಯಿಂದ ಇಳಿದು ಕೂಗಿದೆ. “ಕಾಕಾ! ಎತ್ತು ಎಲ್ಲಿ? ಏನಾತು?”

“ಏನೂ ಆಗಿಲ್ಲ. ಮನ್ಯಾಗ ಅದಾವ.”

“ಮನ್ಯಾಗ? ಇವತ್ತ ಹದಾ ಐತಿ. ಎಡಿ ಯಾರು ಹೊಡಿತಾರ?”

“ನಾಳಿ ನೋಡೂಣು.”

“ನಾಳಿಗೆ ನೆಲಾ ಕಲ್ಲ ಆಗತೈತಿ! ತಲಿ ಕೆಟ್ಟೈತೇನ ನಿನಗ?”

ಆತ ಹತ್ತಿರ ಬಂದು, ಚಾದ ಅಂಗಡಿಯವನಿಗೆ ಕೇಳಿಸದಂತೆ ದನಿ ತಗ್ಗಿಸಿದ. “ನೀ ಬರಕೊಂಡಿದ್ದರಾಗ ನಮ್ಮ ಮನಿ ಗಾಡಿ ಇರಬಾರದು. ಯಾರರ ಕೇಳಿದ್ರ, ಇಲ್ಲ ಅಂತ ತೋರಸು. ಕ್ಯಾಮೆರಾದಾಗೂ ಇಲ್ಲ, ನಿನ್ನ ಹಾಳ್ಯಾಗೂ ಇಲ್ಲ. ಇನ್ನ ಉಳದವ್ರ ಗಾಡಿ ಸಲುವಾಗಿ ನೀ ಮಾತಾಡು.”

“ಹಂಗ ಎಣಸೂದಿಲ್ಲ ಕಾಕಾ,” ಅಂದೆ. “ದಿನಾ ಹೋಗೂ ಗಾಡಿ ಹೋಗದಿದ್ರ ಅದೂ ಸುಳ್ಳ ಲೆಕ್ಕಾನ.”

“ಸೋಮಾರ ಅಷ್ಟು ಗಾಡಿ ಬಿಟ್ಟಿ. ಇವತ್ತ ಒಂದ ಬಿಟ್ರ ಏನ ಆಗತೈತಿ?” ಆತ ನಕ್ಕ. “ಹೋಗು, ನಿನ್ನ ಕೆಲಸಾ ನೋಡು. ಅಲ್ಲೆ ಎರಡು ಬೈಕ ಹೋದ್ವು.”

ಡಿವೈಡರಿನ ಹತ್ತಿರ ಹೋಗಿ ನಿಂತ. ಲಾರಿ ಹೋಗಲು ಬಿಟ್ಟು, ದಾಟಿ, ಹೊಲದ ದಾರಿ ಹಿಡಿದ. ನಾನು ಕಾಗದದ ಮೇಲೆ ಪಾದಚಾರಿ ಅನ್ನುವ ಸಾಲಿನಲ್ಲಿ ಒಂದು ಗೆರೆ ಎಳೆದೆ. ಮೊದಲೇ ನಾಲ್ಕು ಗೆರೆ ಇದ್ದವು. ಕಾಕಾನದು ಅಡ್ಡ ಗೆರೆಯಾಯಿತು.

ಮರುದಿನ ಸರ್ ಮತ್ತು ನಾನು ಒಟ್ಟಿಗೆ ಕೂತು ನೋಡಿದೆವು. ಕಂಡಿ ಇದ್ದಾಗ ಲಾರಿಗಳು ಸ್ವಲ್ಪ ಕಾದವು, ಅಷ್ಟೇ. ಕಂಡಿ ಮುಚ್ಚಿದಾಗ ಗಾಡಿಗಳೆಲ್ಲ ಹೆದ್ದಾರಿಗೇ ಇಳಿದವು. ಪಂಪಿನ ತನಕ ನಿಧಾನಕ್ಕೆ ಹೋಗಿ, ಅಲ್ಲಿ ತಿರುಗಿ, ನಿಧಾನಕ್ಕೆ ಬಂದವು. ಅವುಗಳ ಹಿಂದೆ ಲಾರಿ, ಬಸ್ಸು, ಟಂಟಂ ಎಲ್ಲ ಸಾಲುಗಟ್ಟಿ, ಸಾಲಿನ ಬಾಲ ಬಸ್ ಸ್ಟ್ಯಾಂಡ್ ದಾಟಿತು. ಸೋಮವಾರದ ರಸ್ತೆಯಲ್ಲಿ ಇದು ಕಾಣುವ ಸಾಧ್ಯತೆಯೇ ಇರಲಿಲ್ಲ. “ಮುಚ್ಚಿದ್ರ ಇದ್ದದ್ದೂ ಕೆಡತೈತಿ” ಅಂದರು ಸರ್. ಸಭೆಯಲ್ಲೂ ಅದನ್ನೇ ಹೇಳಿದರು, ಸೋಮವಾರದ ತಪ್ಪು ತಮ್ಮದೂ ಹೌದು ಅಂತ ಸೇರಿಸಿಯೇ ಹೇಳಿದರು. ನಮ್ಮ ಮನೆಯ ಗಾಡಿಯ ಬಗ್ಗೆ ಅಲ್ಲಿ ಯಾರೂ ಕೇಳಲೇ ಇಲ್ಲ.

ಕಂಡಿ ಉಳಿಯಿತು. ಹತ್ತಿ ಹೊಲದ ಹದ ಮಾತ್ರ ಹೋಯಿತು. ಬುಧವಾರ ಕುಂಟೆ ಇಳಿಯದೆ, ಕಾಕಾ–ಕಾಕು ಇಬ್ಬರೂ ಹತ್ತು ದಿನ ಕುರ್ಪಿ ಹಿಡಿದು ಕೂತು ಕಳೆ ತೆಗೆದರು. ಕಾಕು ನನ್ನನ್ನು ಹಂಗಿಸುವ ಒಂದು ಅವಕಾಶವನ್ನೂ ಬಿಡಲಿಲ್ಲ. ರಜೆ ಹಾಕಿ ನಾನೂ ಎರಡು ದಿನ ಹೋಗಿದ್ದೆ. ಕಳೆಯ ಜೊತೆ ಹತ್ತಿಯನ್ನೂ ಕಿತ್ತೆ ಅಂತ ಮೂರನೇ ದಿನ ಕರೆದುಕೊಂಡು ಹೋಗಲಿಲ್ಲ.

ಆ ಮಂಗಳವಾರ ಈಗಲೂ ನನ್ನ ಲ್ಯಾಪ್‌ಟಾಪಿನಲ್ಲಿದೆ. ಆಗಾಗ ತೆರೆದು ಓಡಿಸುತ್ತೇನೆ. ಊರಿನ ಗಾಡಿಗಳೆಲ್ಲ ಅದರಲ್ಲಿವೆ, ಕಾಕಾನದೊಂದು ಇಲ್ಲ. ಒಂಬತ್ತರ ಸುಮಾರಿಗೆ ಅಗಸಿಯಿಂದ ಒಂದು ಸಣ್ಣ ಚುಕ್ಕೆ ನಡೆದು ಬರುತ್ತದೆ, ಡಿವೈಡರಿನ ಹತ್ತಿರ ನಿಲ್ಲುತ್ತದೆ, ಲಾರಿ ಹೋದ ಮೇಲೆ ದಾಟುತ್ತದೆ. ಅದು ಆಚೆ ಮುಟ್ಟುವ ತನಕ ನಾನು ಕುರ್ಚಿ ಬಿಟ್ಟು ಏಳುವುದಿಲ್ಲ.